ತವರಿನ ಬರಣಿ

ಬರಣಿಗೆ ಎಚ್ಚರವಾದೀತೆಂಬಂತೆ ಬಂಡೆಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೆಮ್ಮನ್ನು ಅರ್ಧಕ್ಕೇ ನುಂಗಿಕೊಂಡ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಂಡತಿ ತಾರಾಬಾಯಿ ತಾಂಡೂರಿಗೆ, ತವರಿಗೆ ಹೋದವಳು ಇವತ್ತು ಮಧ್ಯಾಹ್ನದ ಗಾಡಿಗೆ ಬರುವವಳಿದ್ದಳು. ಇದ್ದದ್ದು ತಾನು, ಬೆಕ್ಕು, ಮತ್ತು ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತ ಉಪ್ಪಿನಕಾಯಿ ಬರಣಿ. ಹಾಗೆ ತಿರುಗಿಸಿ ಇಟ್ಟವನೂ ತಾನೇ. ಬರಣಿಗೆ ಮುಖ ಎಂಬುದೊಂದು ಇದೆಯೆಂದು ಅವನಿಗೆ ತಿಳಿದದ್ದು ಅದು ಬಿರುಕು ಬಿಟ್ಟ ಮೇಲೆಯೇ. ಅಲ್ಲಿಯವರೆಗೆ ಅದು ಯಾವ ಕಡೆಯಿಂದ ನೋಡಿದರೂ ಒಂದೇ ಆಗಿತ್ತು. ಭುಜದವರೆಗೆ ಕಂದು, ಕೆಳಗೆ ಹಾಲಿನ ಕೆನೆಯ ಬಣ್ಣ, ಮೈ ತುಂಬ ಗಾಜಿನಂಥ ಮೆರುಗು. ಅತ್ತೆ ಪಾರ್ವತಿಬಾಯಿ ಮಗಳ ಮದುವೆಯಲ್ಲಿ ಕೊಟ್ಟದ್ದು. ತಾಂಡೂರಿನಿಂದ ಹೊರಟು, ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ, ಜಹೀರಾಬಾದಿನವರೆಗೂ ಮದುಮಗಳು ಅದನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು. ಬಾಸಿಂಗದ ದಾರ ಇನ್ನೂ ಹಣೆಗೆ ಕಚ್ಚುತ್ತಿದ್ದ ಮದುಮಗ ಪಕ್ಕದಲ್ಲಿ ಕೂತಿದ್ದ. ಟಿಕೆಟು ನೋಡಲು ಬಂದ ಸಾಹೇಬ ಇಬ್ಬರನ್ನೂ ನೋಡಿ, ಮಡಿಲ ಕೂಸಿನಂತಿದ್ದ ಕಂಬಳಿಯ ಗಂಟನ್ನೂ ನೋಡಿ, ಮದುವೆ ಯಾವಾಗ ಆಯಿತೆಂದು ಕೇಳಿದ್ದ. ನಿನ್ನೆ ಎಂದಾಗ ಗಂಟನ್ನು ಇನ್ನೊಮ್ಮೆ ನೋಡಿ, ಏನೂ ಮಾತಾಡದೆ ಮುಂದಿನ ಡಬ್ಬಿಗೆ ಹೋಗಿದ್ದ. ಆ ದಿನದಿಂದಲೂ ಬಂಡೆಪ್ಪನಿಗೆ ಆ ಬರಣಿಯ ಎದುರು ಸ್ವಲ್ಪ ಸಂಕೋಚ.

ಬರಣಿಯನ್ನು ಮುಟ್ಟುವುದಕ್ಕೆ ತಾರಾಬಾಯಿ ಹಾಕಿದ ಕಟ್ಟಳೆಗಳಿದ್ದವು. ಮುಟ್ಟುವವರ ಸ್ನಾನ, ಲಿಂಗಪೂಜೆ ಆಗಿರಬೇಕು. ಕೈ ಒಣಗಿರಬೇಕು. ಬಾಯಿ ತೆರೆದು ಮಾತಾಡಬಾರದು. ಗಂಡಸರಾದರೆ ಮುಟ್ಟಲೇಬಾರದು. ಅದರೊಳಗಿನ ಮಾವಿನಕಾಯಿ ಮೊದಲು ಮನೆಗೆ ಪ್ರಸಾದಕ್ಕೆ ಬರುವ ಅಯ್ಯನವರ ಎಲೆಗೆ, ಆಮೇಲೆ ಉಳಿದವರಿಗೆ. ಅವಳು ತವರಿಗೆ ಹೋದ ಮೇಲೆ, ತನ್ನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಮೊಳ ಹಾಕಿ ಮನೆಗೆ ಬಂದ ಒಂದು ಸಂಜೆ, ಪಕ್ಕದ ಮನೆಯವರು ಕೊಟ್ಟು ಹೋದ ಜೋಳದ ರೊಟ್ಟಿಯ ಎದುರು ಬಂಡೆಪ್ಪ ಒಂಟಿಯಾಗಿ ಕೂತಿದ್ದ. ಕೈ ತೊಳೆದಿದ್ದ, ಒರೆಸಿಕೊಂಡಿರಲಿಲ್ಲ. ಒಂದು ಹೋಳು, ಒಂದೇ ಹೋಳು ಎಂದುಕೊಂಡು ಆ ಹಸಿಕೈಯನ್ನೇ ಬರಣಿಯ ಕತ್ತಿನೊಳಗೆ ಇಳಿಸಿದ. ಪಾಪ ಎಂಬುದು ಅಷ್ಟು ರುಚಿಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಎಣ್ಣೆಯ ಮೇಲೆ ಬಿಳಿ ಬೂಷ್ಟು, ಮುದುಕರ ಗಲ್ಲದ ಗಡ್ಡದ ಹಾಗೆ. ಅದನ್ನೆಲ್ಲ ಹಿತ್ತಲಿನ ತಿಪ್ಪೆಗೆ ಸುರಿದ. ಬರಣಿಗೆ ವಾಸನೆ ಉಳಿಯಬಾರದೆಂದು, ಕಾರ್ತಿಕದ ಚಳಿಗೆ ಕಲ್ಲಿನಂತೆ ತಣ್ಣಗಾಗಿದ್ದ ಅದರೊಳಗೆ ಕುದಿಯುವ ನೀರು ಹೊಯ್ದ. ಟಣ್ ಎಂದಿತು. ದೇವಸ್ಥಾನದ ಗಂಟೆಯೂ ಹಾಗೆಯೇ ಅನ್ನುತ್ತದೆ; ಆದರೆ ಅದನ್ನು ಬಾರಿಸಿದವನಿಗೆ ಪುಣ್ಯ. ಅಜ್ಜಿ ಒಡೆದ ಬಟ್ಟಲನ್ನು ಹಾಲಿನಲ್ಲಿ ಕುದಿಸಿ ಬಿರುಕು ಮುಚ್ಚಿದ್ದು ನೆನಪಾಗಿ, ನಿನ್ನೆ ಬರಣಿಗೆ ಹಾಲು ತುಂಬಿ ಒಲೆಯ ಮೇಲೇ ಇಟ್ಟ. ಹಾಲು ಬಿರುಕನ್ನು ಮುಚ್ಚುವ ಬದಲು ಅದರ ಗುಂಟ ಇಳಿದು ಬಂತು. ಬೆಕ್ಕು ಒಲೆಯ ಬದಿಗೆ ಬಂದು ಕೂತಿತು. ಗಾಬರಿಯಾಗಿ ಎತ್ತಿ ಇಳಿಸುವಾಗ ಬಾಯಂಚಿನಿಂದ ಶಂಕರಪಾಳಿಯಷ್ಟು ಅಚ್ಚುಕಟ್ಟಾದ ಒಂದು ಚೂರು ಅವನ ಕೈಗೇ ಬಂತು. ಅವನು ಬರಣಿಗೆ ಮಾಡಿದ ಒಂದೊಂದು ಉಪಕಾರವೂ ಅದನ್ನು ಇನ್ನಷ್ಟು ಒಡೆದಿತ್ತು.

ಬೆಳಿಗ್ಗೆ ಪೂಜೆಗೆ ಕೂತಾಗಲೂ ಮನಸ್ಸು ನಿಲ್ಲಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದಿಟ್ಟಿಸಿದರೆ ಅದರ ನುಣುಪಾದ ಕರಿ ಮೈಮೇಲೂ ಒಂದು ಗೆರೆ ಕಂಡಂತಾಯಿತು. ಹತ್ತಿರ ತಂದು ನೋಡಿದ, ತನ್ನದೇ ರೆಪ್ಪೆಗೂದಲು. ಶಿವನೇ, ತಾರಾ ಗಾಡಿ ಇಳಿಯುವುದರೊಳಗೆ ಇದೊಂದು ಕೂಡಿಬಿಡಲಿ, ಮತ್ತೆ ಜನ್ಮದಲ್ಲಿ ಉಪ್ಪಿನಕಾಯಿ ಕೇಳುವುದಿಲ್ಲ ಎಂದು ಬೇಡಿಕೊಂಡ. ಕೇಳುವುದಿಲ್ಲ ಎಂದದ್ದು ಹೆಚ್ಚಾಯಿತೆನಿಸಿ, ಕೇಳಿದರೂ ಒಣಗಿದ ಕೈಯಿಂದ ಎಂದು ತಿದ್ದಿಕೊಂಡ. ಅವನಿಗೆ ಹೆಂಡತಿಯ ಸಿಟ್ಟಿನ ಭಯವಿರಲಿಲ್ಲ. ಅವಳು ಸಿಟ್ಟಾಗುವುದಿಲ್ಲ. ಒಮ್ಮೆ ನೋಡುತ್ತಾಳೆ, ಅಷ್ಟೇ. ಪಾರ್ವತಿಬಾಯಿ ತೀರಿಕೊಂಡ ಮೇಲೆ ಆ ಬರಣಿಯ ಕತ್ತನ್ನು ಅವಳು ಸೆರಗಿನಿಂದ ಒರೆಸುತ್ತಾ ನಿಂತಿದ್ದಳಲ್ಲ, ಹಾಗೆ. ಆ ನೋಟ ತನ್ನ ಮೇಲೆ ಬೀಳುವ ಮುಂಚೆ ಬರಣಿ ಹಿಂದಿನ ಹಾಗೆ ಮೂಲೆಯಲ್ಲಿ ನಿಂತಿರಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಹಳೆಯ ಕಂಬಳಿಯಲ್ಲೇ ಬರಣಿಯನ್ನೂ ಚೂರನ್ನೂ ಸುತ್ತಿ ಎದೆಗವಚಿಕೊಂಡು ಸ್ಟೇಷನ್ ರಸ್ತೆಗೆ ಹೊರಟ. ಅಲ್ಲಿ ಬೇವಿನ ಮರದ ಕೆಳಗೆ ಹಣಮಯ್ಯ ಎಂಬವನು ಕೂತು ಒಡೆದ ಚಹಾ ಕಪ್ಪು, ಬಶಿಗಳನ್ನು ತಂತಿಯಿಂದ ಹೊಲಿಯುತ್ತಿದ್ದ. ನಾರಾಯಣಖೇಡದ ಕಡೆಯವನು. ಬಿಲ್ಲಿನ ದಾರ ಸುತ್ತಿದ ಸಣ್ಣ ಬೈರಿಗೆಯಿಂದ ಬಿರುಕಿನ ಎರಡೂ ದಂಡೆಗೆ ತೂತು ಕೊರೆದು, ಹಿತ್ತಾಳೆ ತಂತಿಯ ತುಂಡನ್ನು ಬಗ್ಗಿಸಿ ಕೂರಿಸಿ, ಮೇಲೆ ಗಾರೆ ಮೆತ್ತುತ್ತಿದ್ದ. ಹೊಲಿಗೆ ಬಿದ್ದ ಬಶಿ ನೋಡಿದರೆ ಶತಪದಿಯೊಂದು ಅದರ ಮೇಲೆ ಹರಿದು ಹೋಗುತ್ತಿರುವಂತೆ ಕಾಣುತ್ತಿತ್ತು. ಹಣಮಯ್ಯ ಕಂಬಳಿ ಬಿಚ್ಚಿ, ಬರಣಿಯ ಹೊಟ್ಟೆಗೆ ಬೆರಳ ಗಂಟಿನಿಂದ ಬಡಿದು, ಕಣ್ಣು ಮುಚ್ಚಿ ಕೇಳಿಸಿಕೊಂಡ.

"ಹೋಗ್ಯದ್ರಿ ಸಾವ್ಕಾರ್ರ."

"ಹೋಗ್ಯದ ಅಂದ್ರ?"

"ಜೀವ ಹೋಗ್ಯದ. ಖರೆ ಫಿಕರ್ ಮಾಡಬ್ಯಾಡ್ರಿ. ನಾರಾಯಣಖೇಡದಾಗ ಒಬ್ಬ ಸಾಹೇಬ್ರ ಚಹಾದಾನಿ ಇದಕ್ಕಿಂತ ಖರಾಬ್ ಇತ್ತು, ನಾನೇ ಹೊಲದು ಕೊಟ್ಟೀನಿ. ಇವತ್ತಿಗೂ ಸೋರ್ತದ, ಆದ್ರ ಸಾಹೇಬ್ರು ಅದನ್ನ ಬ್ಯಾರೆಯವ್ರಿಗಿ ಮುಟ್ಟಾಕ ಕೊಡಂಗಿಲ್ಲ."

"ಸೋರ್ತದ?"

"ಮದಲಿನಷ್ಟಲ್ರಿ." ಹಣಮಯ್ಯ ಬೈರಿಗೆಯ ಮೊನೆಯನ್ನು ಉಗುರಿನ ಮೇಲೆ ಒತ್ತಿ ನೋಡಿಕೊಂಡ. "ನಾ ತೂತು ಹೊಡದು ತಂತಿ ಕೂಡಸಿ ಇಟ್ಟಿರ್ತೀನಿ. ನೀವು ಅಷ್ಟರಾಗ ಒಂದು ತತ್ತಿ ತರ್ರಿ. ಸುಣ್ಣದಾಗ ತತ್ತಿ ಬಿಳಿ ಕಲಸಿ ಮೆತ್ತಬೇಕು. ಆಮ್ಯಾಗ ಬರಣಿ ಒಡೀತದ, ಗಾರೆ ಒಡ್ಯಂಗಿಲ್ಲ."

ಮುಟ್ಟಬಾರದ ಕೋಳಿಮೊಟ್ಟೆಯ ಮಾತು ಕಿವಿಗೆ ಬಿದ್ದೊಡನೆ ಬಂಡೆಪ್ಪನ ಕೈ ತಾನಾಗಿಯೇ ಅಂಗಿಯೊಳಗಿನ ಲಿಂಗದ ಕರಡಿಗೆಯ ಮೇಲೆ ಹೋಯಿತು. ಸುತ್ತ ನೋಡಿದ. ಯಾರೂ ಕೇಳಿಸಿಕೊಂಡಂತಿರಲಿಲ್ಲ.

"ಮೊಸರು ಹಾಕಿದ್ರ ಆಗಂಗಿಲ್ಲೇನು?"

"ಮೊಸರು ಉಣ್ಣಾಕ್ರಿ."

"ಬೆಲ್ಲ?"

"ಇರಿವಿ ಬರ್ತಾವ."

"ಹಂಗಾದ್ರ ನೀನೇ ತಂದು ಹಾಕು. ನನಗ ಹೇಳಬ್ಯಾಡ. ನಾ ನೋಡಂಗಿಲ್ಲ."

"ನಾ ತಂದ್ರ ಅದು ಸುಣ್ಣದ ತನಕ ಬರಂಗಿಲ್ರಿ ಸಾವ್ಕಾರ್ರ. ಹೊಟ್ಟಿ ಸಮೀಪ ಅದ, ಬರಣಿ ದೂರ ಅದ. ನೀವೇ ತರ್ರಿ. ಬಿಳಿ ಬರಣಿಗಿ, ಹಳದಿ ನನಗ."

ಬಂಡೆಪ್ಪ ಬಿಸಿಲಿಗೆ ಬಂದ. ನಡೆಯುತ್ತ ನಡೆಯುತ್ತ ವಿಷಯವನ್ನು ಧರ್ಮದ ಕಡೆಯಿಂದ ನೋಡಲು ಪ್ರಯತ್ನಿಸಿದ. ತಿನ್ನುವುದಿಲ್ಲ, ಸರಿ. ಮೂಸುವುದೂ ಇಲ್ಲ. ಗಾರೆ ಒಣಗಿ ಕಲ್ಲಾದ ಮೇಲೆ ಕಲ್ಲಿಗೆ ಯಾವ ಕುಲ? ಆದರೆ ಆ ಕಲ್ಲಿಗೆ ತಾಗಿಕೊಂಡೇ ಅಯ್ಯನವರ ಎಲೆಗೆ ಹೋಗುವ ಮಾವಿನಕಾಯಿ ವರ್ಷವಿಡೀ ಕೂತಿರುತ್ತದೆ. ಬರಣಿಯ ಬಾಯಂಚಿನ ಆ ಚೂರಿನ ಕಡೆಯಿಂದ ತೆಗೆಯದೆ ಇನ್ನೊಂದು ಕಡೆಯಿಂದ ತೆಗೆದರೆ? ಹಾಗೆ ತೆಗೆ ಎಂದು ತಾರಾಬಾಯಿಗೆ ಯಾವ ಕಾರಣ ಹೇಳುವುದು? ಕಾರಣ ಹುಡುಕುತ್ತಿರುವಾಗಲೇ ಕಾಲು ಅವನನ್ನು ಅಂಗಡಿಯ ಹಿಂದೆ, ಮನೆಯ ಹಿತ್ತಲಿಗೆ ಹತ್ತಿಕೊಂಡ ಓಣಿಗೆ ತಂದು ನಿಲ್ಲಿಸಿತ್ತು. ಅಂಗಡಿಯ ಮುಂದಿನ ಕಸ ಗುಡಿಸುವ ಬಾಲಮಣಿಯ ಗುಡಿಸಲು ಅಲ್ಲೇ. ಅವಳು ಅಂಗಳ ಗುಡಿಸುತ್ತಿದ್ದಳು, ಅವಳ ಹಿಂದೆ ಕೋಳಿಗಳು ಮತ್ತೆ ಅದನ್ನು ಕೆದರುತ್ತಿದ್ದವು.

"ಬಾಲಮಣಿ, ಒಂದು... ತತ್ತಿ ಬೇಕಾಗಿತ್ತು."

ಕಸಬರಿಗೆ ನಿಂತಿತು. "ಏನ್ ಬೇಕಂದ್ರಿ ಧಣಿ?"

"ತತ್ತಿ. ಗ್ವಾಡಿಗಿ. ಸುಣ್ಣದಾಗ ಕಲಸಾಕ."

"ಒಂದು ತತ್ತಿಲಿ ಎಷ್ಟು ಗ್ವಾಡಿ ಬಳೀತೀರಿ?"

"ಸಣ್ಣ ಗ್ವಾಡಿ."

"ಅಯ್ಯ, ಅಕ್ಕನವ್ರು ಊರಿಗಿ ಹೋದದ್ದೇ ತಡ, ಸಣ್ಣ ಗ್ವಾಡಿ ಕಟ್ಟೀರಿ?" ಬಾಲಮಣಿ ಬುಟ್ಟಿಯ ಕೆಳಗೆ ಕೂತಿದ್ದ ಕರಿಕೋಳಿಯನ್ನು ಎತ್ತಿ ಅದರಡಿಯಿಂದ ತತ್ತಿ ತೆಗೆದು ಅವನ ಅಂಗೈಗಿಟ್ಟಳು. "ತಗೋರಿ, ನಾಚಬ್ಯಾಡ್ರಿ. ನಿಮ್ಮ ಮನಿದೇ ಅದು. ತಿಪ್ಪಿ ಮ್ಯಾಲ ನೀವು ಸುರದ ಉಪ್ಪಿನಕಾಯಿ ಪೂರಾ ಇದೇ ಕೋಳಿ ಕೆದರಿ ತಿಂದದ. ಇವತ್ತು ಇದನ್ನ ಇಡಾಕ ಭಾಳ ಒದರ್ಯಾಡ್ತು, ಪಾಪ. ಖಾರ ಹತ್ತಿರಬೇಕು."

ತತ್ತಿ ಬೆಚ್ಚಗಿತ್ತು. ಅದು ಬೆಚ್ಚಗಿರುತ್ತದೆಂದು ಇಷ್ಟು ವಯಸ್ಸಾದರೂ ಯಾರೂ ಅವನಿಗೆ ಹೇಳಿರಲಿಲ್ಲ. ಈ ಅಂಗೈಯಲ್ಲೇ ಅಲ್ಲವೇ ಬೆಳಿಗ್ಗೆ ಲಿಂಗ ಇಟ್ಟುಕೊಂಡದ್ದು ಎಂದು ಹೊಳೆದು, ಅದು ಎಡಗೈ ಇದು ಬಲಗೈ ಎಂದು ಸಮಾಧಾನ ಮಾಡಿಕೊಂಡ. ತಾರಾಬಾಯಿ ಉಪ್ಪು ಹಾಕಿದ ಮಾವಿನಕಾಯಿಯೇ ಕೋಳಿಯ ಹೊಟ್ಟೆ ಹೊಕ್ಕು, ಬೇರೊಂದು ರೂಪ ತಾಳಿ, ಈಗ ತನ್ನ ಹಳೆಯ ಮನೆಯ ಒಡಕನ್ನು ಮುಚ್ಚಲು ಹೊರಟಿದೆ. ಹೀಗೆ ಯೋಚಿಸಿದಾಗ ಜಗತ್ತಿನಲ್ಲಿ ಎಲ್ಲವೂ ಶಿವನ ಒಂದೇ ಬರಣಿಯೊಳಗೆ ಸುತ್ತುತ್ತಿದೆಯೆನಿಸಿ, ಅವನ ಕಣ್ಣು ಸ್ವಲ್ಪ ಒದ್ದೆಯಾಯಿತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಯಾರದೋ ಮೆಟ್ಟಿನ ಸಪ್ಪಳ ಕೇಳಿ ತತ್ವವೆಲ್ಲ ಹಾರಿಹೋಯಿತು, ತತ್ತಿಯನ್ನು ಎಲ್ಲಿಡುವುದು? ಅಂಗಿಯ ಕಿಸೆಯಲ್ಲಿ ಇಟ್ಟ. ಅದು ಲಿಂಗದ ಪಕ್ಕಕ್ಕೇ ಬಂದು ಕೂತಿತು. ತೆಗೆದು ರುಮಾಲಿನ ಸುತ್ತಿನೊಳಗೆ ತುರುಕಿದ. ಈಗ ಅದು ಲಿಂಗಕ್ಕಿಂತ ಮೇಲಾಯಿತು. ಕೊನೆಗೆ ಧೋತರದ ಗಂಟು ಸಡಿಲಿಸಿ ಹೊಕ್ಕುಳ ಕೆಳಗೆ ಮಡಿಕೆಯಲ್ಲಿ ಇಟ್ಟುಕೊಂಡು, ಅಂಗಿ ಇಳಿಬಿಟ್ಟು, ದಿನ ತುಂಬಿದ ಹೆಂಗಸಿನಂತೆ ಹೆಜ್ಜೆ ಅಳೆದು ಸ್ಟೇಷನ್ ರಸ್ತೆಗೆ ಬಂದ.

ಎದುರಿಗೆ ಚನ್ನವೀರಯ್ಯನವರು ಬರುತ್ತಿದ್ದರು.

ಝರಾಸಂಗದ ಕಡೆಯಿಂದ ತಿಂಗಳಿಗೊಮ್ಮೆ ಬರುವ ಈ ಜಂಗಮರು ಎತ್ತರದ, ತೂಕದ ಆಳು. ಕಾವಿ ಬಟ್ಟೆ, ಕೈಯಲ್ಲಿ ಬೆತ್ತ, ಹಣೆಯ ತುಂಬ ವಿಭೂತಿ. ಅವರನ್ನು ಕಂಡಲ್ಲಿ ಬಂಡೆಪ್ಪ ಅಡ್ಡಬೀಳುವುದು ಜಹೀರಾಬಾದಿಗೇ ಗೊತ್ತಿದ್ದ ಸಂಗತಿ. ಉಳಿದವರು ಬಗ್ಗಿ ಪಾದ ಮುಟ್ಟಿದರೆ ಬಂಡೆಪ್ಪ ಕೆಸರಿರಲಿ, ಸಗಣಿ ಇರಲಿ, ಕಡಿದ ಮರದಂತೆ ಉದ್ದುದ್ದ ಬೀಳುತ್ತಿದ್ದ. ಒಮ್ಮೆ ಹಾಗೆ ಬಿದ್ದಾಗ ಒಂದು ಟಾಂಗಾ ನಿಂತು, ಕುದುರೆ ಅವನ ರುಮಾಲು ಮೂಸಿತ್ತು. ಭಕ್ತಿಯಿಂದಲೇ ಬೀಳುತ್ತಿದ್ದನೆಂದು ಅವನು ನಂಬಿದ್ದ. ಆದರೆ ಇವತ್ತು ಬೀಳಲಾಗದೆ ನಿಂತಾಗ, ಎದುರಿನ ಕಾಳಿನ ಅಂಗಡಿಯ ಪಾಂಡಪ್ಪ ನೋಡುತ್ತಿದ್ದಾನೆಂಬುದೇ ಮೊದಲು ನೆನಪಾಯಿತು. ಎಷ್ಟು ವರ್ಷದಿಂದ ತಾನು ಅಯ್ಯನವರಿಗೆ ಬೀಳುತ್ತಿದ್ದೆನೋ ಪಾಂಡಪ್ಪನಿಗೆ ಬೀಳುತ್ತಿದ್ದೆನೋ ಎಂಬ ಹೊಸ ಸಂಶಯವೊಂದು, ಇಂಥ ಹೊತ್ತಿನಲ್ಲಿ ಬೇಡವಾಗಿದ್ದದ್ದು, ಹುಟ್ಟಿಕೊಂಡಿತು. ಅವನು ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಕೈ ಮಾತ್ರ ಜೋಡಿಸಿ, ಕತ್ತು ಬಗ್ಗಿಸಿ, "ಶರಣಾರ್ಥಿರಿ ಬುದ್ಧಿ" ಎಂದ.

ಅಯ್ಯನವರು ಕಾದರು. ಅವನ ಬೀಳುವಿಕೆಗೆಂದು ಅವರು ಆಗಲೇ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟಿದ್ದರು.

"ಯಾಕೋ ಬಂಡೆಪ್ಪ, ಆರಾಮ ಇಲ್ಲೇನು?"

"ನಡಾ ಹಿಡದದರಿ ಬುದ್ಧಿ."

ಆ ಮಾತು ಬಾಯಿಂದ ಜಾರಿದ ಕ್ಷಣದಲ್ಲೇ ಬಂಡೆಪ್ಪನಿಗೆ ತಾನೆಂಥ ತಪ್ಪು ಮಾಡಿದೆನೆಂದು ತಿಳಿಯಿತು. ಬೇರೆ ಯಾರಿಗೆ ಹೇಳಿದ್ದರೂ ನಡೆಯುತ್ತಿತ್ತು. ಚನ್ನವೀರಯ್ಯನವರು ತಾಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು. ಹಾಗೆ ಹುಟ್ಟಿದವರು ತುಳಿದರೆ ಹಿಡಿದ ಸೊಂಟ ಬಿಡುತ್ತದೆಂಬುದು ಊರಿನ ನಂಬಿಕೆ. ಅದರಲ್ಲೂ ಅವರದು ಜಂಗಮರ ಪಾದ. ಸುತ್ತಲಿನ ಊರುಗಳಿಂದ ನಡ ಹಿಡಿದವರನ್ನು ಬಂಡಿಯಲ್ಲಿ ಹಾಕಿಕೊಂಡು ಅವರ ಬಳಿಗೆ ತರುತ್ತಿದ್ದರು.

"ಇಷ್ಟ ಹೌದಲ್ಲೋ! ಮಲಕೋ ಇಲ್ಲೇ."

"ಬ್ಯಾಡ್ರಿ ಬುದ್ಧಿ, ರಸ್ತೆದಾಗ..."

"ಯಾವಾಗ್ಲೂ ರಸ್ತೆದಾಗ ಮಲಗಾಂವ ಇವತ್ತ್ಯಾಕ ನಾಚ್ತಿ? ಬೋರಲ ಮಲಕೋ."

"ಮಲಕೋ ಮಾರಾಯ," ಎಂದ ಪಾಂಡಪ್ಪ, ಅಂಗಡಿ ಇಳಿದು ಬಂದು ಭುಜ ಹಿಡಿಯುತ್ತ. "ಪುಣ್ಯ ತಾನಾಗೇ ನಡಕೊಂಡು ಬಂದದ, ಒಲ್ಲೆ ಅಂತಿ. ನಮ್ಮ ನಡಾ ಹಿಡದಾಗ ಅಯ್ಯನವ್ರು ಎಲ್ಲಿ ಸಿಗ್ತಾರ?"

ಜನ ಸೇರಿದರು. ಬಂಡೆಪ್ಪ ಮೊಣಕಾಲೂರಿ, ಕೈಯೂರಿ, ಹೊಟ್ಟೆಯನ್ನು ನೆಲಕ್ಕೆ ತಾಗಿಸದೆ ಸೇತುವೆಯಂತೆ ನಿಂತ. "ಪೂರಾ ಇಳಿ," ಎಂದು ಅಯ್ಯನವರು ಬೆತ್ತದಿಂದ ತಟ್ಟಿದರು. ಆಮೇಲೆ ಅವರ ಪಾದ, ಒಂದು ಹದವಾದ ಬೀಸುಕಲ್ಲು, ಅವನ ಸೊಂಟದ ಮೇಲೆ ಇಳಿಯಿತು. ಹೊಕ್ಕುಳ ಕೆಳಗೆ ಟಪ್ ಎಂದಿತು. "ಹಾಂ! ಬಿಡ್ತು ನೋಡು ನರ," ಎಂದರು ಅಯ್ಯನವರು ಸಂತೋಷದಿಂದ, ಮತ್ತು ಒಳ್ಳೆಯ ಕೆಲಸ ಅರ್ಧಕ್ಕೆ ನಿಲ್ಲಬಾರದೆಂದು ಮತ್ತೂ ಮತ್ತೂ ತುಳಿದರು. ಬೆಚ್ಚಗಿನದೊಂದು, ಅಂಟಂಟಾದದ್ದೊಂದು ತೊಡೆಯ ಸಂದಿನಲ್ಲಿ ನಿಧಾನವಾಗಿ ದಾರಿ ಹುಡುಕಿಕೊಂಡು ಹೊರಟಿತು. ಬಂಡೆಪ್ಪ ಕಣ್ಣು ಮುಚ್ಚಿದ. ಗಲ್ಲದ ಕೆಳಗೆ ಮಣ್ಣು ತಂಪಾಗಿತ್ತು. ಎಷ್ಟೋ ವರ್ಷದಿಂದ ಬೀಳುತ್ತಿದ್ದ ನೆಲವಿದು, ಆದರೆ ಬಿದ್ದ ಮೇಲೆ ಏಳುವ ಅವಸರದಲ್ಲಿ ಎಂದೂ ಇದರ ವಾಸನೆ ನೋಡಿರಲಿಲ್ಲ. ಕಾಳಿನ ಹೊಟ್ಟು, ಎತ್ತಿನ ಉಚ್ಚೆ, ರೈಲಿನ ಕಲ್ಲಿದ್ದಲು. ಇಲ್ಲೇ ಇದೇ ರಸ್ತೆಯಲ್ಲಿ ಮದುಮಗಳು ಗಾಡಿ ಇಳಿದು ನಡೆಯುವಾಗ, ಗಂಟು ಕೊಡು ನಾನು ಹಿಡಿಯುತ್ತೇನೆ ಎಂದು ಕೈ ಚಾಚಿದ್ದ. ಅವಳು ಒಮ್ಮೆ ಅವನ ಕೈಗಳನ್ನು ನೋಡಿ, "ಬ್ಯಾಡ್ರಿ, ಇರ್ಲಿ" ಎಂದಿದ್ದಳು. ಮೊದಲ ದಿನವೇ ಅವಳಿಗೆ ಗೊತ್ತಾಗಿತ್ತೇ?

"ಏಳೋ, ಆತು," ಎಂದರು ಅಯ್ಯನವರು.

ಬಂಡೆಪ್ಪ ಏಳಲಿಲ್ಲ. ಎದ್ದರೆ ಧೋತರ ಕಾಣುತ್ತದೆ.

"ಏಳಾಕ ಮನಸಾಗವಲ್ದು ನೋಡ್ರಿ, ಅಷ್ಟು ಹಗುರ ಆಗ್ಯದ ಮೈ," ಎಂದ ಪಾಂಡಪ್ಪ. ಯಾರೋ ಹಿಂದಿನಿಂದ, ಅವನು ಸಮಾಧಿಯಲ್ಲಿದ್ದಾನೆ, ಮಾತಾಡಿಸಬೇಡಿ ಎಂದರು. ಅಯ್ಯನವರು ಸಂಜೆಯ ಮುಂಚೆ ಮನೆಗೆ ಪ್ರಸಾದಕ್ಕೆ ಬರುವುದಾಗಿ ಹೇಳಿ, ಅವನ ತಲೆಯ ಮೇಲೆ ಕೈಯಿಟ್ಟು ಹರಸಿ ಹೋದರು. ಜನ ಕರಗಿದರು. ಗಾಡಿ ಬಂದ ಸದ್ದು ಕೇಳಿತು, ನಿಂತ ಸದ್ದು ಕೇಳಿತು. ಬಂಡೆಪ್ಪ ಅಲ್ಲೇ ಇದ್ದ. ಕೊನೆಗೆ ಅವನ ಕಣ್ಣ ಮುಂದೆ ಎರಡು ಪಾದ ಬಂದು ನಿಂತವು. ಕಾಲುಂಗುರ ಗುರುತಿನವು.

"ಏನ್ರಿ ಇದು, ರಸ್ತೆದಾಗ?"

ಅವನು ಉತ್ತರಿಸುವ ಮೊದಲೇ ಬೇವಿನ ಮರದ ಕಡೆಯಿಂದ ಹಣಮಯ್ಯ, ಎರಡೂ ಕೈಯಲ್ಲಿ ಬರಣಿ ಎತ್ತಿ ಹಿಡಿದು, ಗಾಡಿಯಿಂದ ಇಳಿದವರೆಲ್ಲ ತಿರುಗಿ ನೋಡುವಂತೆ ಕೂಗಿದ: "ಸಾವ್ಕಾರ್ರ! ಬೈರಿಗಿ ಮೊನಿ ಮುರದು ಹೋತು. ತೂತಿನ ಮಾತು ಬಿಡ್ರಿ, ಬರೇ ಅಂಟಸೇ ಬಿಡ್ತೀನಿ. ತತ್ತಿ ಎಲ್ಲದ್ರಿ?"

ತಾರಾಬಾಯಿ ಬರಣಿಯನ್ನು ನೋಡಿದಳು. ಆಮೇಲೆ, ಎದ್ದು ಕೂತಿದ್ದ ಗಂಡನ ಧೋತರ ನೋಡಿದಳು. ಅವನು ಬೆಳಿಗ್ಗೆಯಿಂದ ಹೆದರಿದ್ದ ಆ ನೋಟ ಬರಲೇ ಇಲ್ಲ. ಅವಳಿಗೆ ಯಾವುದನ್ನು ಮೊದಲು ನೋಡಬೇಕೆಂದು ತಿಳಿಯದೆ ಅದು ಎರಡರ ನಡುವೆ ಎಲ್ಲೋ ಕಳೆದುಹೋಯಿತು. ಅವಳು ಹೋಗಿ ಬರಣಿ ಇಸಿದುಕೊಂಡಳು, ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

"ಹಳದಿ ಆದ್ರೂ ಉಳದದ ಏನ್ರಿ?" ಎಂದು ಹಣಮಯ್ಯ ಮೆಲ್ಲಗೆ ಕೇಳಿದ.

ಅವಳು ಬರಣಿಯನ್ನು ಎದೆಗವಚಿಕೊಂಡು ಮನೆಯ ಕಡೆ ಮುಂದೆ ನಡೆದಳು. ಅವಳ ಬಟ್ಟೆಗಂಟನ್ನು ಧೋತರಕ್ಕೆ ಅಡ್ಡ ಹಿಡಿದುಕೊಂಡು ಬಂಡೆಪ್ಪ ಹಿಂದೆ ನಡೆದ. ಬೈದರೆ ಸಾಕಾಗಿತ್ತು. ಸ್ನಾನ ಮಾಡಿ, ಬೇರೆ ಧೋತರ ಉಟ್ಟು, ವಿಭೂತಿ ಹಚ್ಚಿಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬಂದರೆ ಅವಳೂ ಮೈ ತೊಳೆದು ಬಂದು, ನೆಲದ ಮೇಲೆ ಕೂತು, ಬರಣಿಯ ಬಾಯಿಗೆ ಮೂಗು ಹಚ್ಚಿದ್ದಳು.

"ಹಾಲು ಕುದಿಸೀರಿ."

"ಹೂಂ."

ಬಿರುಕಿನ ಗುಂಟ ಬೆರಳಾಡಿಸಿದಳು. "ಅದಕ್ಕಿಂತ ಮದಲ ಬಿಸಿನೀರು ಹಾಕೀರಿ. ಒಮ್ಮಿಗೇ."

"ಹೂಂ."

"ಅದಕ್ಕಿಂತ ಮದಲ ಹಸಿ ಕೈ ಹಾಕೀರಿ."

ಬಂಡೆಪ್ಪ ತನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ನಮ್ಮವ್ವ ಇದನ್ನ ಹೊಸದಾಗಿ ತಂದಾಗ ಗಂಜಿನೀರಾಗ ಮುಳಗಸಿ ಇಟ್ಟಿದ್ಲು. ಆಮ್ಯಾಗ ಉಗುರುಬೆಚ್ಚಗ, ಆಮ್ಯಾಗ ಜರಾ ಬಿಸಿ. ಕೂಸಿಗಿ ಎರದಂಗ. ಚಳಿದಿನದಾಗ ಮದಲ ಬಿಸಿಲಿಗಿ ಇಟ್ಟು ಮೈ ಕಾಯಿಸೇ ಕೈ ಹಚ್ಚತಿದ್ಲು. ಕುದಿಯೂ ನೀರು ನಿಮ್ಮ ನೆತ್ತಿ ಮ್ಯಾಲ ಸುರದ್ರ ನೀವು ಸೀಳತಿದ್ದಿಲ್ಲೇನು?"

"ಸೀಳತಿದ್ನಿ," ಎಂದ ಬಂಡೆಪ್ಪ ಮನಃಪೂರ್ವಕವಾಗಿ.

"ತತ್ತಿ ಯಾತಕ್ಕ?"

"ಸುಣ್ಣಕ್ಕ. ಅಂವ ಹೇಳ್ದ, ಮೊಸರು ಬರೇ ಉಣ್ಣಾಕಂತ."

ತಾರಾಬಾಯಿ ಎದ್ದು ಹೋಗಿ ಗಡಿಗೆಯ ಮೊಸರನ್ನು ಅರಿವೆಯಲ್ಲಿ ಹಿಂಡಿ, ನೀರೆಲ್ಲ ಬಸಿದು, ಉಳಿದ ಗಟ್ಟಿಗೆ ಸುಣ್ಣ ಸೇರಿಸಿ ಕಲ್ಲಿನ ಮೇಲೆ ಅರೆದಳು. ಅದು ಅಂಟಾಗಿ, ಬೆರಳಿಗೆ ಎಳೆ ಎಳೆಯಾಗಿ ಬಂತು. ಬಿರುಕಿಗೆ ತುಂಬಿ, ಚೂರನ್ನು ಕೂರಿಸಿ, ಮೇಲೊಂದು ತೆಳುವಾದ ಪಟ್ಟೆ ಎಳೆದಳು. ಆಮೇಲೆ ಗಂಡನ ಕಡೆ ನೋಡಿ, "ಬರ್ರಿ" ಎಂದಳು. "ಕೈ ಒಣಗ್ಯಾವ?"

ಅವನು ಎರಡೂ ಕೈ ತೋರಿಸಿದ. ಅವಳು ನೋಡಿದಳು. "ಕೂಡ್ರಿ. ಹಿಂಗ ತೆಕ್ಕಿ ಬಡೀರಿ. ಚೂರಿನ ಮ್ಯಾಲ ಅಂಗೈ ಇಡ್ರಿ, ಒತ್ತಬ್ಯಾಡ್ರಿ, ಬಿಡಬ್ಯಾಡ್ರಿ. ಒಣಗೂ ತನಕ ಅಲಗ್ಯಾಡಿದ್ರ ಮತ್ತ ಬಿರಿತದ. ಉಪ್ಪಿನಕಾಯಿ ಇನ್ನ ಇದರಾಗ ಹಾಕಾಕ ಬರಂಗಿಲ್ಲ. ಬ್ಯಾಳಿ ಹಾಕ್ತೀನಿ. ಒಣಾದು ಇದರಾಗ ಇನ್ನೂ ಕಾಲ ಕಳೀತದ."

ಹೀಗೆ ಬಂಡೆಪ್ಪ ಕಾಲು ಚಾಚಿ, ಬರಣಿಯನ್ನು ಎದೆಗವಚಿ, ಅದರ ಭುಜದ ಮೇಲೆ ಗಲ್ಲವಿಟ್ಟು ಕೂತ. ಮದುವೆಯಾದ ಇಷ್ಟು ವರ್ಷದ ಮೇಲೆ ಅವಳು ಅದನ್ನು ಅವನ ಕೈಗೆ ಕೊಟ್ಟಿದ್ದಳು. ಒಡೆದದ್ದನ್ನೇ ಕೊಟ್ಟಿದ್ದಳು, ಆದರೂ ಕೊಟ್ಟಿದ್ದಳು. ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಪ್ರತಿ ತಟ್ಟಿಗೂ ಅವನು ಉಸಿರು ಹಿಡಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ತೋಳು ಜೋಮು ಹಿಡಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಸೊಂಟದಲ್ಲಿ ಏನೋ ಹೊಸದೊಂದು ಚಳಕು ಹುಟ್ಟಿ, ಬೆನ್ನಿನ ಗುಂಟ ಮೇಲಕ್ಕೆ, ಬರಣಿಯ ಬಿರುಕು ಹರಿದ ಹಾಗೆ, ಹರಿಯತೊಡಗಿತು.

ಬಾಗಿಲಲ್ಲಿ ಬೆತ್ತದ ಸಪ್ಪಳವಾಯಿತು. ಚನ್ನವೀರಯ್ಯನವರು ನಗುನಗುತ್ತಾ ಒಳಗೆ ಬಂದು, ನಡುಮನೆಯಲ್ಲಿ ನಿಂತು, ಅಭ್ಯಾಸದಂತೆ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು. ಬಂಡೆಪ್ಪ ಬರಣಿಯ ಮೇಲಿಂದ ಕಣ್ಣಷ್ಟೇ ಎತ್ತಿದ. ಬಿದ್ದರೆ ಚೂರು ಕಳಚುತ್ತದೆ. ಬೀಳದಿದ್ದರೆ ಇನ್ನೊಂದು ಸುಳ್ಳು ಹೇಳಬೇಕು. ನಿಜ ಹೇಳಿದರೆ ಅಯ್ಯನವರು ಉಣ್ಣದೆ ಹೋಗುತ್ತಾರೆ. ಹಸಿದ ಜಂಗಮರು ಮೆಟ್ಟಿಲು ಇಳಿದು ಹೋದ ಮನೆಯಲ್ಲಿ ಯಾವ ಬರಣಿ ಉಳಿದರೇನು ಹೋದರೇನು? ಒಲೆಯ ಕಡೆಯಿಂದ ರೊಟ್ಟಿ ತಟ್ಟುವ ಸದ್ದು ನಿಂತಿತ್ತು. ತಾರಾಬಾಯಿ ತಿರುಗಿ ನೋಡಲಿಲ್ಲ, ಆದರೆ ಕೇಳಿಸಿಕೊಳ್ಳುತ್ತಿದ್ದಳು.

"ಬುದ್ಧಿ," ಎಂದ ಬಂಡೆಪ್ಪ, ಬರಣಿಯ ಬಾಯೊಳಗೇ ಹೇಳಿದಂತೆ. "ಮುಂಜಾನಿ ನನ್ನ ನಡಾ ಹಿಡದಿದ್ದಿಲ್ರಿ."

"ಹಂ?"

"ಹೊಟ್ಟಿಗಿ ತತ್ತಿ ಕಟ್ಟಿಕೊಂಡಿದ್ನಿ. ಈ ಬರಣಿಗಿ ಹಚ್ಚಾಕ. ಒಡೀತದಂತ ಅಡ್ಡ ಬೀಳಲಿಲ್ಲ. ನಡಾ ಅಂತ ಸುಳ್ಳು ಹೇಳಿದ್ನಿ."

ಅಯ್ಯನವರ ಮುಖದ ನಗು ಇನ್ನೂ ಇಳಿದಿರಲಿಲ್ಲ. ಮರೆತು ಅಲ್ಲೇ ಬಿಟ್ಟಂತಿತ್ತು. "ನಾ ತುಳದಾಗ ಏನೋ ಸಿಡದಂಗ ಆತಲ್ಲೋ. ನರ ಬಿಡ್ತು ಅಂತ..."

"ತತ್ತಿರಿ."

"ಬಜಾರ ತುಂಬ ಹೇಳಿ ಬಂದೀನಲ್ಲೋ ನಾ. ಪಾಂಡಪ್ಪ ತನ್ನ ಷಡ್ಡಕಗ ಹೇಳಿ ಕಳಿಸ್ಯಾನ. ನಾಳಿ ಯಾಲಾಲದಿಂದ ನಡಾ ಹಿಡದವ್ರ ಬಂಡಿ ಬರ್ತದ."

ಅವರು ಬಗ್ಗಿ ತಮ್ಮ ಬಲಗಾಲನ್ನು ಅದರ ಪರಿಚಯ ಈಗಷ್ಟೇ ಆದವರಂತೆ ನೋಡಿಕೊಂಡರು. ಬಂಡೆಪ್ಪ ಕಣ್ಣು ಮುಚ್ಚಿ, ಬೆತ್ತದ ಸಪ್ಪಳ ಬಾಗಿಲ ಕಡೆ ಹೋಗುವುದನ್ನು ಕಾದ. ಸಪ್ಪಳ ಅಡುಗೆಮನೆಯ ಹೊಸ್ತಿಲ ಕಡೆ ಬಂತು.

"ತಾರಾಬಾಯಿ, ಈಗ ಇದಕ್ಕ ಏನು ಹಚ್ಚೀಯವ್ವ?"

"ಮೊಸರು ಸುಣ್ಣರಿ ಬುದ್ಧಿ."

"ಹಂಗಾದ್ರ ಉಣ್ಣಾಕ ನೀಡು," ಎಂದು ಅಯ್ಯನವರು ಬೆತ್ತ ಗೋಡೆಗೆ ಆನಿಸಿ, ಬಂಡೆಪ್ಪನ ಎದುರಿಗೆ ನೆಲದ ಮೇಲೆ ಕೂತರು. ನೀಡಲು ಇನ್ನೂ ತಡವಿತ್ತು. ಅವರು ಅವನ ಬೆವೆತ ಹಣೆಯನ್ನು, ಬರಣಿಯ ಸುತ್ತ ನಡುಗುತ್ತಿದ್ದ ತೋಳುಗಳನ್ನು ನೋಡಿದರು. "ಮುಂಜಾನಿ ಹಿಡದಿದ್ದಿಲ್ಲ ಅಂದಿ. ಮತ್ತ ಮಾರಿ ಯಾಕ ಹಿಂಗ ಹಿಂಡಾಕತ್ತೀದಿ?"

"ಈಗ ಹಿಡದದರಿ ಬುದ್ಧಿ."

ಅಯ್ಯನವರ ಭುಜಗಳು ಮೊದಲು ಅಲುಗಿದವು, ಆಮೇಲೆ ಹೊಟ್ಟೆ, ಆಮೇಲೆ ಕೊರಳ ರುದ್ರಾಕ್ಷಿ. ಸದ್ದು ಮಾತ್ರ ಹೊರಗೆ ಬರಲಿಲ್ಲ. ಕಣ್ಣೊರೆಸಿಕೊಂಡು, "ಖರೇನ ಹಿಡದದ ಅಂದ್ರ ಮಲಕೋ," ಎಂದು ಏಳಹೋದರು.

"ಒಣಗೂ ತನಕ ಯಾರೂ ಯಾರನ್ನೂ ತುಳ್ಯಂಗಿಲ್ರಿ ಬುದ್ಧಿ," ಎಂದಳು ತಾರಾಬಾಯಿ ಒಲೆಯ ಮುಂದಿನಿಂದ.

ಅಯ್ಯನವರು ಮತ್ತೆ ಕೂತರು. ಕೂತಲ್ಲಿಂದಲೇ ಮುಂದೆ ಸರಿದು, ಕಾವಿ ತೋಳು ಮೇಲೇರಿಸಿ, ಎರಡೂ ಅಂಗೈಗಳನ್ನು ಉತ್ತರೀಯಕ್ಕೆ ಚೆನ್ನಾಗಿ ಒರೆಸಿಕೊಂಡು, ಬರಣಿಯ ಈಚೆಯ ಮಗ್ಗುಲಿಗೆ ಆನಿಸಿ ಹಿಡಿದರು. ಬಂಡೆಪ್ಪನ ತೋಳಿನ ಭಾರ ಇಳಿಯಿತು. ಇಬ್ಬರ ಮುಖದ ನಡುವೆ ಬರಣಿಯ ಖಾಲಿ ಬಾಯಿ ಮಾತ್ರ ಇತ್ತು. ಯಾರಾದರೊಬ್ಬರು ಉಸಿರು ಬಿಟ್ಟಾಗ ಅದರೊಳಗಿಂದ ಮೆಲ್ಲಗೆ ಹೂಂ ಎಂದು ಕೇಳುತ್ತಿತ್ತು. ಅದನ್ನು ಕೇಳಿ ನಗು ಬಂದರೆ ಬಿರುಕು ಬಿಟ್ಟೀತೆಂದು ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಒಬ್ಬರು ತೊಲೆಯನ್ನೂ ಒಬ್ಬರು ಬೆಕ್ಕನ್ನೂ ನೋಡುತ್ತಾ ಕೂತರು.